ಅರವತ್ತು ಕೋಟುಗಳ ಎಡಭುಜ

ಬೆಳಿಗ್ಗೆ ಎದ್ದ ಕೂಡಲೇ ಮಾಸ್ಟರಿಗೆ ಎರಡು ಪ್ರಶ್ನೆ. ಕಣ್ಣು ಪೂರ್ತಿ ಬಿಟ್ಟಿರುವುದಿಲ್ಲ, ಮುಖ ತೊಳೆದಿರುವುದಿಲ್ಲ, ಪ್ರಶ್ನೆ ಮಾತ್ರ ಮಂಚದ ಪಕ್ಕ ಬಂದು ನಿಂತಿರುತ್ತದೆ.

"ಎಷ್ಟು ಗಂಟೆ ನಿದ್ದೆ ಆಯ್ತು?"

"ಆರೂವರೆ."

"ಬಿಗಿಯೋ, ಸಡಿಲವೋ?"

ಕೇಳುವವಳು ಹೆಂಡತಿ. ಏಳು ವರ್ಷದಲ್ಲಿ ಒಂದು ದಿನ ತಪ್ಪಿಸಿದವಳಲ್ಲ. ತನಗೇ ಜ್ವರ ಬಂದು ಮಲಗಿದ್ದಾಗಲೂ ಕಂಬಳಿಯೊಳಗಿಂದಲೇ ಕೇಳಿದ್ದಾಳೆ. ಬಿಗಿ ಎಂದರೆ ಮನಸ್ಸು ಕುಗ್ಗಿದೆ ಎಂದು ಅರ್ಥ, ಸಡಿಲ ಎಂದರೆ ಹದ ಮೀರಿ ಹಿಗ್ಗಿದೆ ಎಂದು. ಹೊಲಿಗೆಯವರ ಮನೆಯಲ್ಲಿ ಇನ್ನೆಂಥ ಮಾತು ಹುಟ್ಟೀತು! ಎರಡೂ ಅಲ್ಲದ ದಿನ ಮಾಸ್ಟರ್ "ಸರಿಯಾಗಿದೆ" ಎನ್ನಬೇಕು. ಹಾಗೆನ್ನಲು ಸ್ವಲ್ಪ ತಡ ಮಾಡಿದರೆ ಹೆಂಡತಿಯ ಕಣ್ಣು ಮಾತ್ರೆ ಡಬ್ಬಿಯ ಕಡೆ ಹೋಗುತ್ತದೆ. ಥಟ್ಟನೆ ಹೇಳಿದರೂ ಹೋಗುತ್ತದೆ. ಅವಳದೇನೂ ತಪ್ಪಿಲ್ಲ ಬಿಡಿ. ಎರಡು ಸಲ ಮನೆ ಮುಳುಗಿದ್ದನ್ನು ಕಂಡವಳು ಅವಳು.

ಕಾಯಿಲೆಗೆ ಡಾಕ್ಟರಮ್ಮ ಹೇಳಿದ ಹೆಸರು ಬೈಪೋಲಾರ್. ಮಾಸ್ಟರಿನ ಬಾಯಲ್ಲಿ ಅದು "ಮೇಲೂ ಕೆಳಗೂ ಕಾಯಿಲೆ". ವಯಸ್ಸು ಐವತ್ತೆರಡು. ಮಾಸ್ಟರ್ ಎಂದರೆ ಶಾಲೆ ಮಾಸ್ಟರಲ್ಲ, ಕಟಿಂಗ್ ಮಾಸ್ಟರ್. ಸೈಕಲ್ ರಿಪೇರಿಯವನ ಅಂಗಡಿಗೂ ಔಷಧದ ಅಂಗಡಿಗೂ ನಡುವೆ ಒಂದು ಕಿರಿದಾದ ಅಂಗಡಿ. ಒಳಗೆ ಮೂರು ಮೆಷಿನ್ನು, ಎಂಟಡಿ ಉದ್ದದ ಕಟಿಂಗ್ ಮೇಜು, ಮೂಲೆ ಒಡೆದ ನಿಲುವುಗನ್ನಡಿ, ಟ್ರಯಲ್ ನೋಡುವವರಿಗೆ ಒಂದು ಪರದೆ. ಅಂಗಡಿ ಹಾಕಿದ್ದು ಮಾಸ್ಟರ್ ಮತ್ತು ಅವನ ಬಾಮೈದ, ಅಂದರೆ ಹೆಂಡತಿಯ ತಮ್ಮ. ಗಿರಾಕಿಗಳ ಜೊತೆ ಮಾತು ಬಾಮೈದನದು, ಕತ್ತರಿ ಮಾಸ್ಟರಿನದು. ಗುಂಡಿ, ಇಸ್ತ್ರಿ, ಕೊನೆಯ ಕೆಲಸವೆಲ್ಲ ಹೆಂಡತಿಯದು. ಮೆಷಿನ್ನಿನ ಮೇಲೆ ಒಬ್ಬ ಮುದುಕ; ದಾರ ತುಂಡಾದರೂ ಗೊಣಗುತ್ತಾನೆ, ಆಗದಿದ್ದರೂ ಗೊಣಗುತ್ತಾನೆ, ಹಾಗಾಗಿ ಅವನಿಗೆ ಗೊಣಗಪ್ಪ ಎಂದೇ ಹೆಸರು.

ಈ ಕಾಯಿಲೆ ಮೊದಲು ಮುಖ ತೋರಿಸಿದ್ದು ಮಾಸ್ಟರಿಗೆ ಇಪ್ಪತ್ತೆಂಟು ಇದ್ದಾಗ. ಅದೂ ಎಂಥ ಸಣ್ಣ ಕಾರಣಕ್ಕೆ! ಒಬ್ಬ ಗುಮಾಸ್ತ ಪ್ಯಾಂಟು ಹೊಲಿಯಲು ಕೊಟ್ಟುಹೋದವನು ಮೂರು ವಾರವಾದರೂ ತೆಗೆದುಕೊಳ್ಳಲು ಬರಲಿಲ್ಲ. ಬರಲಿಲ್ಲ ಅಂದರೆ ಅವನಿಗೆ ಇಷ್ಟವಾಗಿಲ್ಲ, ಎಂದಿತು ಮಾಸ್ಟರಿನ ತಲೆ. ಅಲ್ಲ ಸ್ವಾಮಿ, ನೋಡದ ಪ್ಯಾಂಟು ಇಷ್ಟವಾಗದೆ ಹೋಗುವುದು ಹೇಗೆ? ಕೇಳಬೇಡಿ. ಆ ಹೊತ್ತಿನಲ್ಲಿ ಆ ತಲೆಗೆ ಆ ಪ್ರಶ್ನೆ ಹೊಳೆಯುವುದೇ ಇಲ್ಲ. ಇಷ್ಟವಾಗಿಲ್ಲ ಅಂದಮೇಲೆ ಆಫೀಸಿಗೆಲ್ಲ ಹೇಳಿರುತ್ತಾನೆ. ಆಫೀಸಿನವರು ಬೀದಿಗೆಲ್ಲ ಹೇಳಿರುತ್ತಾರೆ. ಎದುರು ಮನೆಯವನು ಬೆಳಿಗ್ಗೆ ತಲೆ ಎತ್ತಿ ನೋಡದೆ ಹೋದದ್ದು ಅದಕ್ಕೇ. ನನಗೆ ಕತ್ತರಿ ಹಿಡಿಯಲು ಬರುವುದಿಲ್ಲ, ಯಾವತ್ತೂ ಬಂದಿರಲಿಲ್ಲ, ಇಷ್ಟು ದಿನ ಜನ ಪಾಪ ಅಂತ ಹಾಕಿಕೊಂಡಿದ್ದಾರೆ. ಹೀಗೆ ಒಂದು ಪ್ಯಾಂಟಿನಿಂದ ಹೊರಟವನು ಎರಡೇ ದಿನದಲ್ಲಿ ತನ್ನ ಬಾಳೆಲ್ಲ ದಂಡ ಎನ್ನುವಲ್ಲಿಗೆ ಬಂದು ನಿಂತ. ಊಟ ಬಿಟ್ಟ. ಅಂಗಡಿಗೆ ಹೋದರೂ ಬಟ್ಟೆಯನ್ನು ಏಳು ಸಲ ಅಳೆಯುತ್ತಿದ್ದ, ಎಂಟನೇ ಸಲವೂ ಕತ್ತರಿಸುವ ಧೈರ್ಯ ಬರುತ್ತಿರಲಿಲ್ಲ.

ಕೊನೆಗೆ ಆ ಗುಮಾಸ್ತ ಕಾಲಿಗೆ ದಪ್ಪ ಕಟ್ಟು ಹಾಕಿಸಿಕೊಂಡು ಕುಂಟುತ್ತಾ ಬಂದ. ಮೆಟ್ಟಿಲ ಮೇಲಿಂದ ಬಿದ್ದಿದ್ದನಂತೆ. "ಒಂದು ಕಾಲಿನ ಹೊಲಿಗೆ ಬಿಚ್ಚಿ ಕೊಡ್ತೀರಾ ಮಾಸ್ಟ್ರೇ, ಕಟ್ಟು ಒಳಗೆ ಹೋಗಲ್ಲ" ಎಂದ. ಎಲ್ಲರೂ ಅಬ್ಬಾ, ಸದ್ಯ, ಗಂಟು ಬಿಚ್ಚಿತು ಎಂದುಕೊಂಡರು. ಮಾಸ್ಟರ್ ಏನಂದುಕೊಂಡ ಗೊತ್ತೆ? ಆ ಮನುಷ್ಯನ ಕಾಲು ಮುರಿಯಲು ತಾನೇ ಕಾರಣವಿರಬೇಕು ಎಂದುಕೊಂಡ. ತನ್ನ ಕೈಗೆ ಅಳತೆ ಕೊಟ್ಟವರಿಗೆ ಒಳ್ಳೆಯದಾಗುವುದಿಲ್ಲ ಎಂದುಕೊಂಡ. ಆಮೇಲೆ ಐದು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಅದು ಕೆಳಗಿನದಾಯಿತು. ಮೇಲಿನದು ಬಂದದ್ದು ನಲವತ್ತೈದಕ್ಕೆ, ಏಳು ವರ್ಷದ ಹಿಂದೆ. ಅದರ ಕಥೆ ಹೇಳಿದರೆ ಜನ ನಗುತ್ತಾರೆ. ಮಾಸ್ಟರೂ ಈಗ ನಗುತ್ತಾನೆ, ಆದರೆ ಹೆಂಡತಿ ಪಕ್ಕದಲ್ಲಿಲ್ಲದಾಗ ಮಾತ್ರ.

ದೊಡ್ಡ ಆಸ್ಪತ್ರೆಯೊಂದರ ನರ್ಸುಗಳಿಗೆ ಅರವತ್ತು ಬಿಳಿ ಕೋಟು ಹೊಲಿಯುವ ಕೆಲಸ ಬಂದಿತ್ತು. ಅಂಗಡಿಗೆ ಅಷ್ಟು ದೊಡ್ಡ ಕೆಲಸ ಅದೇ ಮೊದಲು. ಆ ವಾರ ಮಾಸ್ಟರಿಗೆ ನಿದ್ದೆಯೇ ಬೇಡವಾಗಿತ್ತು, ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ ನಿಂತ ಮೂವರು ನರ್ಸುಗಳನ್ನು ನೋಡಿದ. ಮೂವರೂ ಎಡಭುಜಕ್ಕೆ ಚೀಲ ನೇತುಹಾಕಿದ್ದರು. ಅಷ್ಟೇ ಸಾಕಾಯಿತು. ನರ್ಸುಗಳ ಎಡಭುಜ ಚೀಲದ ಭಾರಕ್ಕೆ ಅರ್ಧ ಇಂಚು ತಗ್ಗಿರುತ್ತದೆ, ಲೋಕದಲ್ಲಿ ಯಾರಿಗೂ ಇದು ಕಂಡಿಲ್ಲ, ತನಗೆ ಕಂಡಿದೆ! ಮೂವರು ಯಾಕೆ ಒಟ್ಟಿಗೆ ನಿಂತಿದ್ದರು? ತನಗೆ ತೋರಿಸಲಿಕ್ಕೇ. ತಾನು ಆ ಬಸ್ಸು ಯಾಕೆ ತಪ್ಪಿಸಿಕೊಂಡ? ನೋಡಲಿಕ್ಕೇ. ಕೆಳಗಿದ್ದಾಗ ಲೋಕವೆಲ್ಲ ತನ್ನನ್ನು ಬೈಯುತ್ತಿದೆ ಎಂದು ಕಂಡವನಿಗೆ, ಮೇಲೇರಿದಾಗ ಲೋಕವೆಲ್ಲ ತನಗೇ ಸನ್ನೆ ಮಾಡುತ್ತಿದೆ ಎಂದು ಕಂಡಿತು. ಎರಡರಲ್ಲೂ ನಡುವೆ ನಿಂತವನು ತಾನೇ ಎಂಬುದು ಅವನಿಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಭಾನುವಾರ ಅಂಗಡಿಗೆ ರಜೆ. ಮಾಸ್ಟರ್ ಒಬ್ಬನೇ ಹೋಗಿ ಬಾಗಿಲು ತೆಗೆದು, ಅಳತೆ ಚೀಟಿಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಬಟ್ಟೆಯನ್ನು ಹತ್ತು ಹತ್ತು ಪದರ ಒಟ್ಟಿಗೆ ಹಾಸಿ, ಬರಿಗಣ್ಣಿನ ಅಂದಾಜಿನಲ್ಲೇ ಅರವತ್ತು ಕೋಟನ್ನೂ ಕತ್ತರಿಸಿಹಾಕಿದ. ಅರವತ್ತಕ್ಕೂ ಎಡಭುಜ ಅರ್ಧ ಇಂಚು ತಗ್ಗು. ಸೋಮವಾರದಿಂದ ಎರಡು ವಾರ ಬಾಮೈದ ಊರಲ್ಲಿರಲಿಲ್ಲ. ಗೊಣಗಪ್ಪ "ಇದೇನೋ ವಾರೆಯಾಗಿದೆಯಲ್ಲಪ್ಪ" ಎಂದು ಗೊಣಗಿದ. ಅವನು ದಿನವೂ ಗೊಣಗುವವನು, ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಕೋಟುಗಳು ಹೊಲಿಗೆಯಾಗಿ, ಇಸ್ತ್ರಿಯಾಗಿ ಆಸ್ಪತ್ರೆಗೂ ಹೋದವು. ಎರಡು ದಿನದಲ್ಲಿ ವಾಪಸ್ಸೂ ಬಂದವು. ಅರವತ್ತು ಜನ ನರ್ಸುಗಳು ಒಂದೇ ಕಡೆ ವಾಲಿಕೊಂಡು ನಿಂತಂತೆ ಕಾಣುತ್ತಿದ್ದಾರೆ ಎಂದು ಅಲ್ಲಿನ ಮೇಲ್ವಿಚಾರಕಿ ಕೂಗಾಡಿದಳಂತೆ. ಬಟ್ಟೆ ಹೋಯಿತು, ಕೆಲಸ ಹೋಯಿತು, ಅಂಗಡಿಯ ಹೆಸರು ಹೋಯಿತು. ಮಾಸ್ಟರ್ ಮೇಜಿನ ಮೇಲೆ ಹತ್ತಿ ನಿಂತು "ನೀವೆಲ್ಲ ಕುರುಡರು!" ಎಂದು ಬಾಮೈದನಿಗೆ ಬಾಯಿಗೆ ಬಂದದ್ದು ಅಂದ. ಆಮೇಲೆ ಆಸ್ಪತ್ರೆ, ಮಾತ್ರೆ, ಮತ್ತೆ ಎಂಟು ತಿಂಗಳು ಗೋಡೆ.

ಬಾಮೈದ ಒಳ್ಳೆಯವನೇ. ಬೇರೆಯವನಾಗಿದ್ದರೆ ಕೈತೊಳೆದುಕೊಳ್ಳುತ್ತಿದ್ದ. ಅವನು ಮಾಡಿದ್ದಿಷ್ಟೇ: ಅಂಗಡಿಯ ಗೋಡೆಬೀರುವಿಗೆ ಬೀಗ ಹಾಕಿಸಿದ. ದಿನಾ ಸಂಜೆ ಕತ್ತರಿಗಳೆಲ್ಲ ಅದರೊಳಗೆ ಹೋಗಬೇಕು, ಕೀಲಿ ಅಕ್ಕನ ಹತ್ತಿರ ಇರಬೇಕು, ಬೆಳಿಗ್ಗೆ ಅವಳೇ ಬಂದು ತೆಗೆಯಬೇಕು. ಕಟಿಂಗ್ ಇನ್ನುಮುಂದೆ ಬಾಮೈದನೇ ಮಾಡುತ್ತಾನೆ. ಭಾವ ಬೇಕಾದರೆ ಅಂಚು ಮಡಿಸಲಿ, ಕಾಜ ಹಾಕಲಿ, ಗುಂಡಿ ಹಚ್ಚಲಿ. ಈ ಮಾತನ್ನು ಅವನು ನೆಲ ನೋಡಿಕೊಂಡು ಹೇಳಿದ್ದ. ಮಾಸ್ಟರೂ ನೆಲ ನೋಡಿಕೊಂಡೇ ಕೇಳಿಸಿಕೊಂಡಿದ್ದ.

ಮಾತ್ರೆ ಮನಸ್ಸನ್ನು ಹಿಡಿದು ನಿಲ್ಲಿಸಿತು, ಆದರೆ ಕೈ ನಡುಗಿಸಿತು. ಲೋಟ ಹಿಡಿದರೆ ಚಹಾ ತುಳುಕುತ್ತದೆ. ಸೂಜಿಗೆ ದಾರ ಪೋಣಿಸಿಕೊಡುವವನು ಗೊಣಗಪ್ಪ, ಅದೂ ಹತ್ತು ಮಾತು ಗೊಣಗಿ. ಹೀಗೆ ಏಳು ವರ್ಷ ಅವನು ಬೇರೆಯವರು ಕತ್ತರಿಸಿದ ಬಟ್ಟೆಗೆ ಗುಂಡಿ ಹಚ್ಚಿಕೊಂಡು ಕೂತ.

ಡಾಕ್ಟರಮ್ಮನ ಹತ್ತಿರ ತಿಂಗಳಿಗೊಮ್ಮೆ ಹೋಗಬೇಕು. ಆಕೆ ಒಂದು ದಿನ ಹೇಳಿದ್ದಳು: "ಯೋಚನೆ ಅಂದ್ರೆ ಸುದ್ದಿ ಅಲ್ಲ ಮಾಸ್ಟರ್. ತಲೆಗೆ ಬಂದಿದ್ದಕ್ಕೆಲ್ಲ ನಿಜ ಅಂತ ಸಹಿ ಹಾಕ್ಬೇಡಿ. ಮೊದಲು ಪರೀಕ್ಷೆ ಮಾಡಿ."

ಮಾಸ್ಟರ್ ಅದನ್ನು ತನ್ನ ಭಾಷೆಗೆ ತಿರುಗಿಸಿಕೊಂಡ. ಕೋಟನ್ನು ಮೆಷಿನ್ನಿಗೆ ಕೊಡುವ ಮೊದಲು ಬಿಳಿ ದಾರದಲ್ಲಿ ದೂರದೂರಕ್ಕೆ ಕಚ್ಚಾ ಹೊಲಿಗೆ ಹಾಕುತ್ತಾರೆ. ಗಿರಾಕಿಗೆ ತೊಡಿಸಿ ನೋಡಿ, ಸರಿಯಿಲ್ಲದಿದ್ದರೆ ದಾರ ಎಳೆದರೆ ಬಿಚ್ಚಿಕೊಳ್ಳುತ್ತದೆ, ಬಟ್ಟೆಗೆ ಗಾಯವಾಗುವುದಿಲ್ಲ. "ಅಂದ್ರೆ ಯೋಚನೆಗೆ ನೇರ ಮೆಷಿನ್ ಹಾಕ್ಬಾರ್ದು, ಕಚ್ಚಾ ಹೊಲಿಗೆ ಹಾಕಿ ಟ್ರಯಲ್ ನೋಡ್ಬೇಕು, ಅಲ್ವಾ ಡಾಕ್ಟರಮ್ಮ?" ಎಂದ. ಆಕೆ ಇದನ್ನು ಬೇರೆ ರೋಗಿಗಳಿಗೂ ಹೇಳುತ್ತೇನೆ ಎಂದಳು. ಆ ಹೊಗಳಿಕೆಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ಹೆದರಿಕೆಯೂ ಆಯಿತು.

ಸುಸ್ತಾಗುವುದು ಇಲ್ಲೇ ನೋಡಿ. ಜನ ಯೋಚನೆ ಮಾಡುತ್ತಾರೆ, ಸುಮ್ಮನಾಗುತ್ತಾರೆ. ಇವನು ಯೋಚನೆ ಮಾಡಬೇಕು, ಆಮೇಲೆ ಆ ಯೋಚನೆ ತನ್ನದೋ ಕಾಯಿಲೆಯದೋ ಎಂದು ಯೋಚಿಸಬೇಕು. ಬೇಸರವಾದರೆ ಬರೀ ಬೇಸರವೋ, ಗೋಡೆಯ ಕಡೆಗಿನ ದಾರಿಯೋ? ಒಂದು ಹಾಡು ಗುನುಗಿದರೆ ಬರೀ ಹಾಡೋ, ಮತ್ತೆ ಅರವತ್ತು ಕೋಟೋ? ದುಃಖವನ್ನಾದರೂ ಜನ ನಂಬುತ್ತಾರೆ. ಇವನ ಸಂತೋಷವನ್ನು ಮಾತ್ರ ಯಾರೂ ನಂಬುವುದಿಲ್ಲ, ಇವನೂ ಸೇರಿ. ಒಮ್ಮೆ ಅಂಗಡಿಯಲ್ಲಿ ಬಾಮೈದನ ಯಾವುದೋ ತಮಾಷೆಗೆ ಜೋರಾಗಿ ನಕ್ಕುಬಿಟ್ಟಿದ್ದ. ಗೊಣಗಪ್ಪನ ಮೆಷಿನ್ನು ನಿಂತಿತು. ಹೆಂಡತಿ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಅವನ ಮುಖವನ್ನೇ ನೋಡಿದಳು. ಅವತ್ತಿನಿಂದ ಅವನು ತುಟಿ ಮುಚ್ಚಿಕೊಂಡು ನಗುವುದನ್ನು ಕಲಿತ.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಗೆ ಒಬ್ಬ ನರ್ಸ್ ಬಂದಳು. ನಲವತ್ತರ ಆಸುಪಾಸು, ಕೈಯಲ್ಲೊಂದು ಚೀಲ. ಚೀಲದಿಂದ ಒಂದು ಹಳೆಯ ಬಿಳಿ ಕೋಟು ತೆಗೆದು ಮೇಜಿನ ಮೇಲೆ ಹರಡಿದಳು. ಕಾಲರ್ ಸವೆದಿತ್ತು, ಮೊಣಕೈಯಲ್ಲಿ ತೇಪೆ ಇತ್ತು. ಎಡಭುಜ ಅರ್ಧ ಇಂಚು ತಗ್ಗಿತ್ತು.

ಮಾಸ್ಟರ್ ಹಚ್ಚುತ್ತಿದ್ದ ಗುಂಡಿ ಬಿಟ್ಟು ಆ ಭುಜವನ್ನೇ ನೋಡಿದ. ಏಳು ವರ್ಷದ ಮೇಲೆ ಹೆಣ ಎದ್ದುಬಂದ ಹಾಗಾಯಿತು.

"ಇದನ್ನ ಕತ್ತರಿಸಿದವ್ರು ಯಾರು?" ಎಂದಳು ನರ್ಸ್.

ಬಾಮೈದ ಕೋಟನ್ನು ಮಡಿಸಲು ಹೋದ. "ಅದು ಹಳೇ ಕಥೆ ಸಿಸ್ಟರ್. ಆಗ ನಮ್ಮಿಂದ ತಪ್ಪಾಗಿತ್ತು..."

"ತಪ್ಪೇನು ಬಂತು? ನಂಗೆ ಇನ್ನೊಂದು ಇಂಥದ್ದೇ ಬೇಕು." ಆಕೆ ತನ್ನ ಎಡಭುಜ ಮುಟ್ಟಿಕೊಂಡಳು. "ಚಿಕ್ಕವಳಿದ್ದಾಗ ಜೋಕಾಲಿಯಿಂದ ಬಿದ್ದು ಮೂಳೆ ಮುರ್ಕೊಂಡಿದ್ದೆ. ಕೂಡಿಕೊಂಡಿದ್ದು ಓರೆಯಾಗಿ. ಯಾವ ಕೋಟು ಹಾಕಿದ್ರೂ ಎಡಗಡೆ ಜಾರುತ್ತೆ. ಇದೊಂದು ಜಾರ್ಲಿಲ್ಲ. ಎಲ್ಲಾರೂ ವಾಪಸ್ ಕೊಟ್ರು, ನಾನು ಕೊಡ್ಲಿಲ್ಲ. ಅದಕ್ಕೇ ಅವರೇ ಬೇಕು ಅಂದಿದ್ದು."

ಬಾಮೈದ ನೆಲ ನೋಡಿದ. ಹೆಂಡತಿ ಗುಂಡಿ ಡಬ್ಬಿ ನೋಡಿದಳು. ಗೊಣಗಪ್ಪ ಮಾತ್ರ ಬೆರಳು ಚಾಚಿ "ಅಗೋ, ಅಲ್ಲಿ ಕೂತಿದಾನಲ್ಲ, ಅವನೇ" ಎಂದ.

"ಭಾವ ಈಗ ಕಟಿಂಗ್ ಮಾಡಲ್ಲ ಸಿಸ್ಟರ್. ನಾನು ಮಾಡ್ಕೊಡ್ತೀನಿ" ಎಂದ ಬಾಮೈದ.

"ನೋಡಿ, ಯೋಚನೆ ಮಾಡಿ. ಇನ್ನು ಮೂರು ದಿನಕ್ಕೆ ಬರ್ತೀನಿ." ಆಕೆ ಹೊಸ ಬಟ್ಟೆಯನ್ನು ಮೇಜಿನ ಮೇಲಿಟ್ಟು ಹೋದಳು.

ಯೋಚನೆ ಮಾಡಿ ಎಂದಳಲ್ಲ, ಪುಣ್ಯಾತ್ಗಿತ್ತಿ! ಮಾಸ್ಟರಿಗೆ ಅದನ್ನು ಹೇಳಿಕೊಡಬೇಕೆ? ಆಕೆ ರಸ್ತೆ ದಾಟುವಷ್ಟರಲ್ಲಿ ಯೋಚನೆಗಳು ಎರಡು ಕಡೆಯಿಂದ ನುಗ್ಗಿದವು. ಒಂದು ಹೇಳಿತು: ನೋಡಿದೆಯಾ, ನೀನು ಹೇಳಿದ್ದೇ ನಿಜ. ಅರವತ್ತೂ ಸರಿಯಾಗಿದ್ದವು, ಕುರುಡರು ಅವರೇ. ಏಳು ವರ್ಷ ನಿನಗೆ ಮೋಸ ಮಾಡಿದರು. ಎದ್ದು ಬೀರು ತೆಗೆಸು! ಇನ್ನೊಂದು ಹೇಳಿತು: ಇವಳನ್ನು ಬಾಮೈದನೇ ಕರೆಸಿದ್ದಾನೆ, ಪಾಪ ಭಾವ ಸೊರಗುತ್ತಿದ್ದಾನೆ ಎಂದು. ಇಲ್ಲವೇ ಆಡಿಕೊಳ್ಳಲು ಬಂದಿದ್ದಾಳೆ. ನೀನು ಮುಟ್ಟಿದರೆ ಇದೂ ಹಾಳು. ಮಾಸ್ಟರ್ ಕಣ್ಣು ಮುಚ್ಚಿ ಕೂತ. ಎರಡಕ್ಕೂ ಕಚ್ಚಾ ಹೊಲಿಗೆ ಹಾಕಿದ. ಒಂದೊಂದನ್ನೇ ತೊಡಿಸಿ ನೋಡಿದ.

ಅರವತ್ತೂ ಸರಿಯಿದ್ದವೆ? ಇಲ್ಲ. ಐವತ್ತೊಂಬತ್ತು ವಾಪಸ್ಸು ಬಂದಿದ್ದು ಅವನೇ ಕಂಡಿದ್ದ. ಬಾಮೈದ ಕರೆಸಿದನೆ? ಕೋಟು ನೋಡಿ ಅವನ ಮುಖ ಬಿಳಿಚಿಕೊಂಡದ್ದು ನಾಟಕವಲ್ಲ. ಹಾಗಾದರೆ ಉಳಿದದ್ದೇನು? ಐವತ್ತೊಂಬತ್ತು ಹಾಳಾಗಿದ್ದವು, ಒಂದು ಮಾತ್ರ ಕುರುಡು ಅದೃಷ್ಟಕ್ಕೆ ಕೂತಿತ್ತು. ಅಷ್ಟೇ. ಎಂಥ ಸಪ್ಪೆ ಸತ್ಯ! ಹಾರುವುದಕ್ಕೂ ಸಾಲದು, ಮುಳುಗುವುದಕ್ಕೂ ಸಾಲದು. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು, ಅದನ್ನು ಎಷ್ಟು ಎಳೆದರೂ ಬಿಚ್ಚಿಕೊಳ್ಳಲಿಲ್ಲ: ನನಗೆ ಈ ಕೋಟು ಕತ್ತರಿಸಬೇಕು ಎಂಬ ಆಸೆ.

ಸಂಜೆ ಮನೆಯಲ್ಲಿ ಹೆಂಡತಿ ಮಾತ್ರೆ ಎಣಿಸುತ್ತಿದ್ದಳು. ಮಾಸ್ಟರ್ ಹೇಳಿದ, "ನಂಗೆ ಅದನ್ನ ಕತ್ತರಿಸ್ಬೇಕು ಅನ್ನಿಸ್ತಿದೆ ಕಣೇ."

ಅವಳ ಕೈ ನಿಂತಿತು. "ಸಡಿಲಾನಾ?"

"ಗೊತ್ತಿಲ್ಲ. ಅದಕ್ಕೇ ನಿಂಗೆ ಹೇಳ್ತಿರೋದು."

"ಕೆಟ್ಟುಹೋದ್ರೆ? ಬಟ್ಟೆ ಬಿಡ್ರೀ, ಬಟ್ಟೆ ಯಾರಿಗೆ ಬೇಕು. ನೀವು ಮತ್ತೆ ಗೋಡೆ ಕಡೆ ತಿರುಗಿದ್ರೆ? ನಂಗೆ ಇನ್ನೊಂದು ಸಲ ಆಗಲ್ಲ. ನಿಜವಾಗ್ಲೂ ಆಗಲ್ಲ." ಅವಳು ಅಳಲಿಲ್ಲ. ಅಳುವುದಕ್ಕೂ ಬೇಸತ್ತವಳ ಹಾಗೆ ಹೇಳಿದಳು. ಆಮೇಲೆ ತಾನೇ ಫೋನು ತೆಗೆದು ಡಾಕ್ಟರಮ್ಮನಿಗೆ ಹಚ್ಚಿ ಅವನ ಕೈಗೆ ಕೊಟ್ಟಳು.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, "ನಿದ್ದೆ?" ಎಂದಳು.

"ಆರು, ಆರೂವರೆ."

"ಎರಡು ದಿನ ಬಿಡಿ. ನಿಜವಾದ ಆಸೆ ಆಗಿದ್ರೆ ಮೂರನೇ ದಿನಾನೂ ಅಷ್ಟೇ ಇರುತ್ತೆ. ಬೆಳೆದು ಬೆಟ್ಟ ಆಗಿದ್ರೆ ಬೇಡ, ನಂಗೆ ಫೋನ್ ಮಾಡಿ. ಅಷ್ಟೇ ಇದ್ರೆ ಕತ್ತರಿಸಿ. ಆದ್ರೆ ಒಬ್ರೇ ಅಲ್ಲ."

ಮಾಸ್ಟರ್ ಎರಡು ದಿನ ಕಾದ. ತನ್ನ ಆಸೆಗೆ ತಾನೇ ಕಾವಲು ಕೂತ. ಬೆಳಿಗ್ಗೆ ಮುಟ್ಟಿ ನೋಡಿದ, ಸಂಜೆ ಮುಟ್ಟಿ ನೋಡಿದ. ಅದು ದೊಡ್ಡದಾಗಲಿಲ್ಲ. ಹೊಸ ಬಗೆಯ ಕೋಟು ಕಂಡುಹಿಡಿಯಬೇಕು, ಊರಿಗೆಲ್ಲ ತೋರಿಸಬೇಕು ಎಂದೇನೂ ಅನ್ನಲಿಲ್ಲ. ಒಂದು ಕೋಟು, ಒಂದು ಭುಜ, ಅಷ್ಟರಲ್ಲೇ ಸುಮ್ಮನೆ ಕೂತಿತ್ತು.

ಮೂರನೇ ದಿನ ಬೆಳಿಗ್ಗೆ ಮಂಚದ ಪಕ್ಕದ ಎರಡೂ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ, "ಅಷ್ಟೇ ಇದೆ ಕಣೇ" ಎಂದ. ಹೆಂಡತಿ ಬೀರುವಿನ ಕೀಲಿ ಕೈಗೆ ತೆಗೆದುಕೊಂಡಳು. "ಸರಿ, ನಡೀರಿ" ಎಂದಳು.

ಅಂಗಡಿಯಲ್ಲಿ ಬಾಮೈದ ಒಂದು ಸುತ್ತು ರೇಗಿದ. "ಅಕ್ಕಾ, ನಿಂಗೂ ತಲೆ ಕೆಟ್ಟಿದೆಯಾ? ಮತ್ತೆ ಅದೇ ರಾಮಾಯಣ ಬೇಕಾ?"

"ನಾನು ಪಕ್ಕದಲ್ಲೇ ನಿಂತಿರ್ತೀನಿ. ನೀನು ಸುಮ್ನಿರು" ಎಂದಳು ಅಕ್ಕ.

ನರ್ಸ್ ಬಂದಳು. ಮಾಸ್ಟರ್ ಟೇಪು ಹಿಡಿದು ಅಳತೆ ಹೇಳಿದ, ಹೆಂಡತಿ ಚೀಟಿಯಲ್ಲಿ ಬರೆದುಕೊಂಡಳು. ಪ್ರತಿ ಅಳತೆಯನ್ನೂ ಬಾಮೈದ ಇನ್ನೊಮ್ಮೆ ಟೇಪು ಇಟ್ಟು ನೋಡಿದ. ಭುಜದ ಸರದಿ ಬಂತು. ಅರ್ಧ ಇಂಚು ಎಂದುಕೊಂಡೇ ಮಾಸ್ಟರ್ ಟೇಪು ಇಟ್ಟ. ಇಟ್ಟವನು ತಬ್ಬಿಬ್ಬಾದ.

"ಮುಕ್ಕಾಲು ಇದೆಯಲ್ಲಮ್ಮ ತಗ್ಗು! ಆ ಕೋಟು ನಿಮಗೂ ಸರಿಯಾಗಿರ್ಲಿಲ್ಲ."

"ಪೂರ್ತಿ ಸರಿಯಾಗಿತ್ತು ಅಂತ ನಾನೆಲ್ಲಿ ಅಂದೆ?" ಎಂದು ನರ್ಸ್ ನಕ್ಕಳು. "ಬೇರೆಯವಕ್ಕಿಂತ ವಾಸಿ ಇತ್ತು."

ಮಾಸ್ಟರಿನ ಕೈಯಲ್ಲಿ ಟೇಪು ಜೋತುಬಿತ್ತು. ಅರವತ್ತರಲ್ಲಿ ಆ ಒಂದೂ ತಪ್ಪೇ. ತಲೆಯೊಳಗಿನ ಹಳೆಯ ದನಿ ತಡಮಾಡಲಿಲ್ಲ: ನೋಡು, ಒಂದನ್ನೂ ಸರಿಯಾಗಿ ಮಾಡಿದವನಲ್ಲ ನೀನು, ಇಟ್ಟುಬಿಡು ಟೇಪು. ಅವನು ಅದಕ್ಕೂ ಕಚ್ಚಾ ಹೊಲಿಗೆ ಹಾಕಿದ. ವಾಸಿ ಎನ್ನುವ ಮಾತು ಅವನ ತಲೆಯಲ್ಲಿ ಯಾವತ್ತೂ ಇರಲಿಲ್ಲ, ನೋಡಿ. ಅಲ್ಲಿದ್ದದ್ದು ಅದ್ಭುತ, ಇಲ್ಲವೇ ಹಾಳು. ಈ ಹೆಂಗಸು ಏಳು ವರ್ಷ ಬರೀ ವಾಸಿಯನ್ನು ತೊಟ್ಟು ಓಡಾಡಿದ್ದಳು.

"ಮುಕ್ಕಾಲು ಅಂತ ಬರ್ಕೋ" ಎಂದ ಹೆಂಡತಿಗೆ.

ಹೆಂಡತಿ ಬೀರುವಿನಿಂದ ದೊಡ್ಡ ಕತ್ತರಿ ತಂದುಕೊಟ್ಟಳು. ಕಪ್ಪು ಹಿಡಿಯ ಭಾರದ ಕತ್ತರಿ, ಅವನದೇ. ಮೊದಲು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಬೇಕು. ಕೈ ನಡುಗಿ ಗೆರೆ ಹಾವಿನ ಹಾಗೆ ಹೋಯಿತು. ಉಜ್ಜಿ ಇನ್ನೊಮ್ಮೆ ಹಾಕಿದ, ಮತ್ತೆ ಹಾಗೇ ಹೋಯಿತು. ಬಾಮೈದ ಮುಖ ತಿರುಗಿಸಿಕೊಂಡ.

"ಇಲ್ಲಿ ಬಾ" ಎಂದ ಮಾಸ್ಟರ್ ಹೆಂಡತಿಗೆ. "ಸುಣ್ಣ ನೀನು ಹಿಡ್ಕೋ. ನಾನು ಹೇಳಿದ ಕಡೆ ಗೆರೆ ಎಳಿ."

"ನಂಗೆಲ್ಲಿ ಬರುತ್ತೆ?"

"ಇಷ್ಟು ವರ್ಷ ನೋಡಿದೀಯಲ್ಲ. ಎಳಿ."

ಅವನು ಬೆರಳಿಟ್ಟು ತೋರಿಸಿದ, ಅವಳು ಎಳೆದಳು. ಕಂಕುಳ ತಿರುವಿನಲ್ಲಿ "ನಿಧಾನ, ನಿಧಾನ" ಎಂದ. ಎಡಭುಜಕ್ಕೆ ಬಂದಾಗ ಇಬ್ಬರೂ ಚೀಟಿಯನ್ನು ಇನ್ನೊಮ್ಮೆ ನೋಡಿಕೊಂಡರು. ಗೆರೆ ಮುಗಿಯಿತು. ಈಗ ಕತ್ತರಿ. ಮಾಸ್ಟರ್ ಮೊಣಕೈಯನ್ನು ಮೇಜಿಗೆ ಊರಿ, ಕತ್ತರಿಯ ಕೆಳಗಿನ ಅಲಗನ್ನು ಹಲಗೆಯ ಮೇಲೆ ಒರಗಿಸಿದ. ನಡುಕ ಕೈಯಲ್ಲೇ ಉಳಿಯಿತು, ಅಲಗಿಗೆ ಇಳಿಯಲಿಲ್ಲ. ಬಟ್ಟೆ ಕತ್ತರಿಸುವಾಗ ಬರುವ ಆ ಸದ್ದನ್ನು ಅವನ ಕೈ ಏಳು ವರ್ಷದಿಂದ ಕೇಳಿರಲಿಲ್ಲ. ಭುಜದ ತುದಿಗೆ ಬಂದು ನಿಲ್ಲಿಸಿದಾಗ ಬೆನ್ನೆಲ್ಲ ಬೆವರಿತ್ತು. ಮೊದಲು ಒಂದು ಕೋಟಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಇವತ್ತು ಮಧ್ಯಾಹ್ನವೆಲ್ಲ ಹಿಡಿಯಿತು.

ಮರುದಿನ ಕಚ್ಚಾ ಹೊಲಿಗೆ ಹಾಕಿದ ಕೋಟನ್ನು ನರ್ಸಿಗೆ ತೊಡಿಸಿದರು. ಆಕೆ ಮೂಲೆ ಒಡೆದ ಕನ್ನಡಿಯ ಮುಂದೆ ನಿಂತು, ಬಲಕ್ಕೆ ತಿರುಗಿದಳು, ಎಡಕ್ಕೆ ತಿರುಗಿದಳು, ಎರಡೂ ಕೈ ಮೇಲೆತ್ತಿ ಇಳಿಸಿದಳು. ಕೋಟು ಜಾರಲಿಲ್ಲ. ಕನ್ನಡಿಯಲ್ಲಿ ಎರಡು ಭುಜದ ಮೇಲೂ ಬಟ್ಟೆ ಒಂದೇ ಸಮ ಕೂತಿತ್ತು.

"ಅಯ್ಯೋ, ನಾನು ನೆಟ್ಟಗಿದೀನಿ!" ಎಂದಳು ಆಕೆ. "ತೋಳು ಮಾತ್ರ ಸ್ವಲ್ಪ ಉದ್ದ ಆಯ್ತು ಮಾಸ್ಟ್ರೇ."

ಮಾಸ್ಟರಿಗೆ ನಗು ಉಕ್ಕಿ ಬಂತು. ತೋಳು ಉದ್ದವಾಯಿತಂತೆ! ಬರೀ ತೋಳು! ಬಾಯಿ ತೆರೆದು, ಹೊಟ್ಟೆ ಹಿಡಿದುಕೊಂಡು ನಕ್ಕ. ಮೆಷಿನ್ನು ನಿಂತಿತು. ಬಾಮೈದ ತಲೆ ಎತ್ತಿದ. ಹೆಂಡತಿಯ ಬಾಯಿ "ಮಾತ್ರೆ..." ಎಂದು ಶುರುಮಾಡಿತು. ಶುರುಮಾಡಿದ್ದು ಅಲ್ಲೇ ನಿಂತಿತು. ಅವಳು ಅವನನ್ನು ನೋಡಿದಳು, ಕನ್ನಡಿಯಲ್ಲಿ ನರ್ಸನ್ನು ನೋಡಿದಳು.

"ತೋಳು ಮುಕ್ಕಾಲು ಇಂಚು ಮಡಿಸ್ಲಾ, ಒಂದು ಇಂಚು ಮಡಿಸ್ಲಾ?" ಎಂದು ಕೇಳಿದಳು.

ಗೊಣಗಪ್ಪ "ನಗೋದು ಆಮೇಲೆ, ಮೊದಲು ಬಟ್ಟೆ ಈ ಕಡೆ ಕೊಡ್ರಪ್ಪ" ಎಂದು ಗೊಣಗಿ ಮೆಷಿನ್ ತುಳಿದ.

ಸಂಜೆ ಬಾಗಿಲು ಹಾಕುವ ಹೊತ್ತು. ಬಾಮೈದ ಮುಂದೆ ಹೋಗಿದ್ದ. ಹೆಂಡತಿ ಕತ್ತರಿಗಳನ್ನೆಲ್ಲ ಬೀರುವಿನಲ್ಲಿಟ್ಟಳು. ದೊಡ್ಡದನ್ನು ಮಾತ್ರ ಕೈಯಲ್ಲಿ ಹಿಡಿದು, "ಇದು ಹೊರಗೇ ಇರ್ಲಾ? ನಾಳೆಯಿಂದ ಬೇಕಾಗುತ್ತಲ್ಲ" ಎಂದಳು.

ಮಾಸ್ಟರ್ ತಲೆ ಅಲ್ಲಾಡಿಸಿದ. "ಒಳಗಿಟ್ಟು ಬೀಗ ಹಾಕು."

"ಯಾಕ್ರೀ?"

"ಇವತ್ತು ಖುಷಿಯಾಗಿದೆ. ತುಂಬಾ ಖುಷಿಯಾಗಿದೆ. ಖುಷಿಯಾದ ದಿನ ಕತ್ತರಿ ಹೊರಗಿಡೋದು ಬೇಡ. ನಾಳೆ ಬೆಳಿಗ್ಗೆ ನೋಡೋಣ."

ಹೆಂಡತಿ ಕತ್ತರಿ ಒಳಗಿಟ್ಟಳು, ಬೀಗ ಹಾಕಿದಳು, ಎಳೆದು ನೋಡಿದಳು. ಅವಳ ಕಣ್ಣು ತುಂಬಿತ್ತು. ಏಳು ವರ್ಷ ಅವನನ್ನು ಕಾಯುವ ಕೆಲಸ ಅವಳೊಬ್ಬಳದೇ ಎಂದು ತಿಳಿದಿದ್ದಳು. ಇನ್ನೊಬ್ಬ ಪಾಳಿಯವನು ಪಕ್ಕದಲ್ಲೇ ಇದ್ದಾನೆ ಎಂದು ಅವಳಿಗೆ ಯಾರು ಹೇಳಬೇಕಿತ್ತು? ಕೀಲಿಯನ್ನು ಯಾವಾಗಲೂ ಇಡುವ ಪರ್ಸಿನೊಳಗೆ ಹಾಕಲು ಹೋದವಳು ಹಾಕಲಿಲ್ಲ. ಅವನ ಅಂಗಿಯ ಜೇಬಿಗೆ ಹಾಕಿದಳು.

"ಬೀಗ ಹಾಕಿದೀನಿ. ಕೀಲಿ ನಿಮ್ಮತ್ರಾನೇ ಇರ್ಲಿ. ಕಳೆದುಹಾಕ್ಬೇಡಿ ಮತ್ತೆ."

ಮರುದಿನ ಬೆಳಿಗ್ಗೆ ಮಾಸ್ಟರಿಗೆ ಎಚ್ಚರವಾದದ್ದು ಫೋನಿನ ಸದ್ದಿಗೆ. ಕಿಟಕಿಯಿಂದ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಗಂಟೆ ಒಂಬತ್ತೂವರೆ. ಮಂಚದ ಪಕ್ಕ ಯಾರೂ ನಿಂತಿರಲಿಲ್ಲ, ಪ್ರಶ್ನೆಯೂ ಇರಲಿಲ್ಲ. ತಿರುಗಿ ನೋಡಿದ. ಹೆಂಡತಿ ಬಾಯಿ ತೆರೆದುಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತಾ ಮಲಗಿದ್ದಳು. ಅವಳು ನಿದ್ದೆ ಮಾಡುವುದನ್ನು ಅವನು ನೋಡಿ ಏಳು ವರ್ಷವಾಗಿತ್ತು.

ಫೋನಿನಲ್ಲಿ ಬಾಮೈದ ಕಿರುಚುತ್ತಿದ್ದ. "ಎಲ್ಲಿದೀರಾ ಭಾವ? ಗಿರಾಕಿ ಬಂದು ಕೂತಿದಾರೆ, ಕತ್ತರಿಯೆಲ್ಲ ಬೀರು ಒಳಗಿದೆ. ಅಕ್ಕ ಫೋನ್ ಎತ್ತಲ್ಲ. ಕೀಲಿ ಯಾರತ್ರ ಇದೆ?"

ಮಾಸ್ಟರ್ ಗೂಟಕ್ಕೆ ಹಾಕಿದ್ದ ಅಂಗಿಯ ಜೇಬು ಮುಟ್ಟಿ ನೋಡಿದ. ಹೆಂಡತಿಗೆ ಎಚ್ಚರವಾಗದ ಹಾಗೆ ದನಿ ತಗ್ಗಿಸಿದ.

"ನನ್ನತ್ರ ಇದೆ ಕಣೋ. ಬರ್ತಾ ಇದೀನಿ, ಸ್ವಲ್ಪ ಕಾಯಿ."